ಪಂಪು ಹೆಗಲಿಗೇರಿಸುವ ಮುನ್ನ: ಇರುವೆಯ ರಸಾಯನ ಮತ್ತು ನಮ್ಮ ಮಾವು, ಹತ್ತಿ, ಮೆಣಸಿನಕಾಯಿ

ಏಪ್ರಿಲ್ ಮುಗಿಯುತ್ತ ಬಂತೆಂದರೆ ಧಾರವಾಡದ ಸುತ್ತಲಿನ ಆಪುಸ್ ತೋಟಗಳಲ್ಲಿ ಕಾಯಿ ಇಳಿಸುವ ಗಡಿಬಿಡಿ. ಕಲಘಟಗಿ, ಅಳ್ನಾವರದ ಕಡೆ, ಕಾಡು ಹತ್ತಿರವಿರುವ ತೋಟಗಳಲ್ಲಿ ಇದರ ಜೊತೆಗೇ ಇನ್ನೊಂದು ತಕರಾರು ಏಳುತ್ತದೆ. ಹಸಿ ಎಲೆಗಳನ್ನು ಹೊಲಿದು ಗೂಡು ಮಾಡುವ ಕೆಂಪಿರುವೆ, ಮಲೆನಾಡಿನವರು ಚಗಳಿ ಎನ್ನುವುದು, ಟೊಂಗೆ ಅಲುಗಾಡಿದರೆ ಸಾಕು, ಸಾಲುಗಟ್ಟಿ ಬಂದು ಕತ್ತು, ಕಂಕುಳು ಹುಡುಕಿ ಕಚ್ಚುತ್ತದೆ. ಕಚ್ಚಿದ ಜಾಗಕ್ಕೇ ಹೊಟ್ಟೆ ಬಾಗಿಸಿ ಉರಿಯುವ ದ್ರವ ಬಿಡುತ್ತದೆ. "ಮೊದಲ ಇರುವಿಗೆ ಎಣ್ಣಿ ಹೊಡಸ್ರಿ, ಆಮ್ಯಾಲೆ ಗಿಡಾ ಹತ್ತತೇವಿ" ಎಂದು ಕೂಲಿಗೆ ಬಂದವರು ಹೇಳಿದರೆ ಅದರಲ್ಲಿ ತಪ್ಪಿಲ್ಲ. ದಿನವಿಡೀ ಆ ಉರಿ ತಿನ್ನುವವರು ಅವರು.

ಆದರೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದ ಮೇಲೆ ಮರದಿಂದ ಹೋಗುವುದು ಕಚ್ಚುವ ಇರುವೆಯಷ್ಟೇ ಅಲ್ಲ. ಆ ಇರುವೆ ಎಲೆಯ ಮೇಲೆ, ಕಾಯಿಯ ಮೇಲೆ ಓಡಾಡುತ್ತ ಬಿಟ್ಟಿದ್ದ ರಾಸಾಯನಿಕ ಗುರುತುಗಳೂ ಅಳಿಯುತ್ತವೆ. ಹಣ್ಣಿಗೆ ಹುಳ ಹಾಕುವ ನೊಣವನ್ನು ಮರದಿಂದ ದೂರ ಇಡುವ ಕೆಲಸದಲ್ಲಿ ಆ ಗುರುತುಗಳಿಗೂ ಪಾಲಿದೆ. ಹತ್ತಿ ಮತ್ತು ಮೆಣಸಿನಕಾಯಿ ಹೊಲದ ಲೆಕ್ಕ ಬೇರೆ. ಅಲ್ಲಿ ಇರುವೆಯ ರಸಾಯನ ಕೆಲವೊಮ್ಮೆ ರೈತನ ವಿರುದ್ಧವೇ ಕೆಲಸ ಮಾಡುತ್ತದೆ. ಹೀಗಾಗಿ ಇರುವೆ ರೈತನ ಮಿತ್ರನೋ ಶತ್ರುವೋ ಎಂದು ಕೇಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಯಾವ ಇರುವೆ, ಅದು ಬಿಡುವ ಯಾವ ವಸ್ತು, ಯಾವ ಬೆಳೆಯಲ್ಲಿ ಎಂದು ಕೇಳಬೇಕು. ಆ ಪ್ರಶ್ನೆ ಕೇಳದೆ ಎಲ್ಲ ಇರುವೆಗೂ ಒಂದೇ ಔಷಧ ಹೊಡೆಯುವ ರೂಢಿ ಧಾರವಾಡ, ಗದಗ, ಹಾವೇರಿ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಬೇರೂರಿದೆ.

ಉರಿ ಎಲ್ಲಿಂದ ಬರುತ್ತದೆ

1671ರಲ್ಲಿ ಇಂಗ್ಲೆಂಡಿನ ಜಾನ್ ರೇ ಎಂಬ ನಿಸರ್ಗ ವಿಜ್ಞಾನಿ ಇರುವೆಗಳನ್ನು ಭಟ್ಟಿ ಇಳಿಸಿದಾಗ ಬಂದ ಹುಳಿ ದ್ರವದ ಬಗ್ಗೆ ಬರೆದ. ಅದೇ ಫಾರ್ಮಿಕ್ ಆಮ್ಲ. ಒಂದೇ ಇಂಗಾಲದ ಪರಮಾಣು ಇರುವ, ಸಾವಯವ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು. ಇಂದು ತೊಗಲು ಹದ ಮಾಡಲು, ರಬ್ಬರ್ ಹಾಲು ಹೆಪ್ಪುಗಟ್ಟಿಸಲು, ಹಸಿಮೇವು ಕೆಡದಂತೆ ಇಡಲು ಬಳಸುವ ಫಾರ್ಮಿಕ್ ಆಮ್ಲ ಕಾರ್ಖಾನೆಯದು. ಇರುವೆ ಅದನ್ನು ತನ್ನ ಮೈಯಲ್ಲೇ, ಸೆರಿನ್ ಮತ್ತು ಗ್ಲೈಸಿನ್ ಎಂಬ ಅಮೈನೋ ಆಮ್ಲಗಳಿಂದ ತಯಾರಿಸಿಕೊಳ್ಳುತ್ತದೆ. ಕೆಲವು ಜಾತಿಗಳ ವಿಷಚೀಲದಲ್ಲಿರುವ ದ್ರವದ ಅರ್ಧಕ್ಕಿಂತ ಹೆಚ್ಚು ಪಾಲು ಇದೇ ಆಮ್ಲ. ಮಲೆನಾಡಿನ ಚಗಳಿ ಚಟ್ನಿಗೆ ಹುಳಿ ಬರುವುದೂ ಇದರಿಂದಲೇ. ಇದೇ ಇರುವೆಯಿಂದ ಒಡಿಶಾದ ಸಿಮಿಲಿಪಾಲ್ ಸೀಮೆಯಲ್ಲಿ ಅರೆಯುವ ಕಾಯಿ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು.

ಶಾಲೆಯ ವಿಜ್ಞಾನ ಪಾಠದಲ್ಲಿ ಇರುವೆ ಕಚ್ಚಿದಾಗ ಚರ್ಮದೊಳಗೆ ಫಾರ್ಮಿಕ್ ಆಮ್ಲ ಹೋಗುತ್ತದೆ, ಅಡುಗೆ ಸೋಡಾ ಹಚ್ಚಿದರೆ ಉರಿ ಇಳಿಯುತ್ತದೆ ಎಂದು ಕಲಿತಿದ್ದೇವೆ. ಇದು ಅರ್ಧ ಸತ್ಯ. ಫಾರ್ಮಿಕ್ ಆಮ್ಲ ಮಾಡುವುದು ಇರುವೆಗಳ ಒಂದು ಉಪಕುಟುಂಬ ಮಾತ್ರ. ಚಗಳಿ, ಮನೆ ಅಂಗಳದಲ್ಲಿ ಓಡಾಡುವ ದೊಡ್ಡ ಕಪ್ಪು ಗೊದ್ದ ಈ ಗುಂಪಿನವು. ಇವಕ್ಕೆ ಚುಚ್ಚುವ ಕೊಂಡಿಯೇ ಇಲ್ಲ. ದವಡೆಯಿಂದ ಕಚ್ಚಿ, ಹೊಟ್ಟೆಯ ತುದಿಯ ಸಣ್ಣ ರಂಧ್ರದಿಂದ ಗಾಯದ ಮೇಲೆ ಆಮ್ಲ ಸಿಂಪಡಿಸುತ್ತವೆ. ಕೊಂಡಿ ಇರುವ ಸಣ್ಣ ಬೆಂಕಿ ಇರುವೆಯ ವಿಷದಲ್ಲಿ ಫಾರ್ಮಿಕ್ ಆಮ್ಲ ಇರುವುದೇ ಇಲ್ಲ. ಅದರ ವಿಷದ ಬಹುಪಾಲು ಸೊಲೆನಾಪ್ಸಿನ್ ಮುಂತಾದ ಪಿಪೆರಿಡೀನ್ ಆಲ್ಕಲಾಯ್ಡ್‌ಗಳು. ಆಮ್ಲವೇ ಅಲ್ಲದ್ದಕ್ಕೆ, ಅದೂ ಚರ್ಮದ ಒಳಗೆ ಸೇರಿದ್ದಕ್ಕೆ, ಮೇಲಿಂದ ಸೋಡಾ ಅಥವಾ ಸುಣ್ಣ ಹಚ್ಚಿ ಏನು ಪ್ರಯೋಜನ? ಸುಣ್ಣವಂತೂ ತಾನೇ ಚರ್ಮ ಸುಡುತ್ತದೆ. ಸೋಪು ನೀರಿನಲ್ಲಿ ತೊಳೆದು ತಣ್ಣೀರು ಪಟ್ಟಿ ಇಡುವುದು ಮೇಲು. ಕಚ್ಚಿಸಿಕೊಂಡವರಿಗೆ ತುಟಿ, ಮುಖ ಬಾತು ಉಸಿರಾಟ ಕಷ್ಟವಾದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಆಮ್ಲದ ಜೊತೆ ಇನ್ನೊಂದು ಗ್ರಂಥಿಯಿಂದ ಅನ್‌ಡೆಕೇನ್‌ನಂಥ ಎಣ್ಣೆಯಂಶವೂ ಬರುತ್ತದೆ. ಕೀಟಗಳ ಮೈಮೇಲೆ ಮೇಣದ ಪದರವಿದ್ದು ಬರೀ ನೀರಿನಂಥ ಆಮ್ಲ ಅದರ ಮೇಲೆ ನಿಲ್ಲುವುದಿಲ್ಲ, ಜಾರಿಹೋಗುತ್ತದೆ. ಎಣ್ಣೆಯಂಶ ಸೇರಿದಾಗ ಹರಡಿಕೊಂಡು ಒಳಗಿಳಿಯುತ್ತದೆ. ನಾವು ಔಷಧಕ್ಕೆ ಅಂಟುದ್ರಾವಣ ಬೆರೆಸುವುದೂ ಇದೇ ಕಾರಣಕ್ಕೆ. ಗೊದ್ದದ ಜಾತಿಗಳಲ್ಲಿ ಈ ಅನ್‌ಡೆಕೇನ್ ಅಪಾಯದ ಸೂಚನೆಯಾಗಿಯೂ ಕೆಲಸ ಮಾಡುತ್ತದೆ. ಒಂದೇ ಸಿಂಪಡಣೆಯಲ್ಲಿ ವೈರಿಗೆ ಪೆಟ್ಟು, ತನ್ನವರಿಗೆ ಕರೆ.

ವಾಸನೆಯಲ್ಲಿ ನಡೆಯುವ ವ್ಯವಹಾರ

ಮರ ಹತ್ತಿದವನಿಗೆ ಮೊದಲು ಒಂದೆರಡು ಇರುವೆ, ಆಮೇಲೆ ನೂರಾರು ಮುತ್ತಿಕೊಳ್ಳುತ್ತವೆ. ಇದರ ಹಿಂದಿನ ರಸಾಯನವನ್ನು ಬ್ರಾಡ್‌ಶಾ, ಬೇಕರ್, ಹೌಸ್ ಎಂಬ ವಿಜ್ಞಾನಿಗಳು 1975ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಿಡಿಸಿಟ್ಟರು. ಅವರು ನೋಡಿದ್ದು ನಮ್ಮ ಚಗಳಿಯ ಹತ್ತಿರದ ಬಂಧು, ಆಫ್ರಿಕಾದ ಹೊಲಿಯುವ ಇರುವೆಯನ್ನು. ಅದರ ದವಡೆಯ ಗ್ರಂಥಿಯಿಂದ ಹಲವು ವಸ್ತುಗಳು ಒಟ್ಟಿಗೆ ಹೊರಬರುತ್ತವೆ, ಆದರೆ ಗಾಳಿಯಲ್ಲಿ ಒಂದೊಂದೂ ಒಂದೊಂದು ವೇಗದಲ್ಲಿ ಹರಡುತ್ತದೆ. ಹೆಕ್ಸನ್ಯಾಲ್ ಎಲ್ಲಕ್ಕಿಂತ ಬೇಗ ದೂರ ಹೋಗಿ ಇರುವೆಗಳನ್ನು ಎಚ್ಚರಿಸುತ್ತದೆ. ಹಿಂದೆಯೇ ಹರಡುವ ಹೆಕ್ಸನಾಲ್ ಅವುಗಳನ್ನು ಆ ಕಡೆ ಸೆಳೆಯುತ್ತದೆ. ಭಾರವಾದ 3-ಅನ್‌ಡೆಕನೋನ್ ಮತ್ತು 2-ಬ್ಯೂಟೈಲ್-2-ಆಕ್ಟಿನ್ಯಾಲ್ ಕಚ್ಚಿದ ಜಾಗದ ಸುತ್ತ ಹೆಚ್ಚು ದೂರ ಹೋಗದೆ ನಿಂತು, ಬಂದವು ಅಲ್ಲೇ ಕಚ್ಚುವಂತೆ ಮಾಡುತ್ತವೆ. ಎಚ್ಚರ, ಹುಡುಕಾಟ, ದಾಳಿ ಹೀಗೆ ಒಂದರ ಹಿಂದೊಂದು ಬರುವುದಕ್ಕೆ ಯಾವ ನಾಯಕನ ಆಜ್ಞೆಯೂ ಬೇಕಿಲ್ಲ, ಆವಿಯಾಗುವ ವೇಗದ ವ್ಯತ್ಯಾಸ ಸಾಕು. ಇರುವೆ ರಸಾಯನದಲ್ಲಿ ನನಗೆ ಅತಿ ಬೆರಗು ಹುಟ್ಟಿಸುವ ಸಂಗತಿ ಇದೇ. ಮೈಮೇಲೆ ಹತ್ತಿದ ಮೊದಲ ಇರುವೆಯನ್ನು ಹೊಸಕಬಾರದು, ಊದಿ ಅಥವಾ ಕೊಡವಿ ಬೀಳಿಸಬೇಕು ಎನ್ನುವುದಕ್ಕೂ ಇಲ್ಲೇ ಕಾರಣವಿದೆ. ಹೊಸಕಿದಾಗ ಗ್ರಂಥಿ ಒಡೆದು ಈ ವಸ್ತುಗಳೆಲ್ಲ ಒಮ್ಮೆಗೇ ಬಿಡುಗಡೆಯಾಗುತ್ತವೆ.

ಸಾಲಿನ ಗುರುತು ಇದಕ್ಕಿಂತ ಭಿನ್ನ. ಆಹಾರ ಕಂಡ ಇರುವೆ ಗೂಡಿಗೆ ಮರಳುತ್ತ ನೆಲಕ್ಕೆ ಹೊಟ್ಟೆ ಸೋಕಿಸಿ ಗೆರೆ ಎಳೆಯುತ್ತದೆ. ಹಿಂದೆ ಬಂದವು ಆಹಾರ ಸಿಕ್ಕರೆ ಅದನ್ನೇ ದಪ್ಪ ಮಾಡುತ್ತವೆ, ಸಿಗದಿದ್ದರೆ ಸುಮ್ಮನೆ ಬರುತ್ತವೆ. ಜನ ನಡೆಯುವುದು ನಿಂತ ಕಾಲುದಾರಿಗೆ ಹುಲ್ಲು ಬೆಳೆಯುವ ಹಾಗೆ, ಉಪಯೋಗವಿಲ್ಲದ ಗೆರೆ ಆವಿಯಾಗಿ ತಾನೇ ಅಳಿಯುತ್ತದೆ. ಇದಕ್ಕೆ ಬೇಕಾಗುವ ಪ್ರಮಾಣ ನಂಬಲಾಗದಷ್ಟು ಕಡಿಮೆ. ಅಮೆರಿಕದ ಎಲೆ ಕತ್ತರಿಸುವ ಇರುವೆಯ ಸಾಲಿನ ವಸ್ತುವನ್ನು 1971ರಲ್ಲಿ ಗುರುತಿಸಿದವರ ಅಂದಾಜಿನಂತೆ ಅದರ ಒಂದು ಮಿಲಿಗ್ರಾಂಗಿಂತ ಕಡಿಮೆ ಪ್ರಮಾಣದಲ್ಲಿ ಭೂಮಿಯ ಸುತ್ತ ಗೆರೆ ಎಳೆಯಬಹುದು. ಮನೆಗಳಲ್ಲಿ ಕಾಣುವ ಫೇರೋ ಇರುವೆಗೆ ಇನ್ನೂ ಒಂದು ಗುರುತು ಗೊತ್ತು. ಪ್ರಯೋಜನವಿಲ್ಲದ ಕವಲಿನ ಬಾಯಲ್ಲಿ ಅದು "ಈ ಕಡೆ ಬರಬೇಡಿ" ಎನ್ನುವ ವಸ್ತು ಹಚ್ಚುತ್ತದೆ ಎಂಬುದು 2005ರಲ್ಲಿ ಗೊತ್ತಾಯಿತು. ಅಡುಗೆಮನೆಯ ಇರುವೆ ಸಾಲಿಗೆ ಪುಡಿ ಸುರಿಯುವುದಕ್ಕಿಂತ, ಸೀಮೆಸುಣ್ಣದ ರೂಪದ ಕೀಟನಾಶಕದಿಂದ ಗೆರೆ ಎಳೆಯುವುದಕ್ಕಿಂತ, ಸೋಪು ನೀರಿನ ಅರಿವೆಯಿಂದ ಆ ದಾರಿಯನ್ನು ಒರೆಸಿ, ಸಿಹಿ ಚೆಲ್ಲಿದ ಜಾಗ ತೊಳೆಯಿರಿ. ಮಕ್ಕಳು ಅಂಬೆಗಾಲಿಡುವ ಮನೆಯಲ್ಲಂತೂ ಇದನ್ನು ಮೊದಲು ಮಾಡಬೇಕು.

ಸತ್ತ ಇರುವೆಯನ್ನು ಗೂಡಿನಿಂದ ಹೊತ್ತೊಯ್ದು ಕಸದ ರಾಶಿಗೆ ಹಾಕುವುದೂ ವಾಸನೆಯ ಮೇಲೆಯೇ. 1958ರಲ್ಲಿ ಅಮೆರಿಕದ ಇರುವೆ ವಿಜ್ಞಾನಿ ಇ.ಒ. ವಿಲ್ಸನ್ ಮತ್ತು ಜೊತೆಗಾರರು ಹೆಣದಲ್ಲಿ ಉಂಟಾಗುವ ಒಲೆಯಿಕ್ ಆಮ್ಲವನ್ನು ಬದುಕಿರುವ ಇರುವೆಗೆ ಹಚ್ಚಿದಾಗ, ಕಾಲು ಬಡಿಯುತ್ತಿದ್ದರೂ ಅದನ್ನು ಎತ್ತಿಕೊಂಡು ಹೋಗಿ ಹೊರಗೆ ಹಾಕಿದವು. ಕೊಳೆಯುವ ಹೆಣದಿಂದ ರೋಗ ಹಬ್ಬದಂತೆ ನೋಡಿಕೊಳ್ಳುವ ಏರ್ಪಾಡು ಇದು.

ಈ ವಾಸನೆಗಳೆಲ್ಲ ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಕೊಟ್ಟದ್ದು ನಮ್ಮ ದೇಶದ್ದೇ ಇರುವೆ. ಪಶ್ಚಿಮ ಘಟ್ಟದಲ್ಲಿ ಸಿಗುವ, ಉದ್ದ ದವಡೆಯ, ಬೇಟೆಯ ಮೇಲೆ ಜಿಗಿಯುವ ಹಾರ್ಪೆಗ್ನಾಥೋಸ್ ಸಾಲ್ಟೇಟರ್ ಇಂದು ಅಮೆರಿಕದ ಪ್ರಯೋಗಾಲಯಗಳಲ್ಲಿ ಹೆಸರುವಾಸಿ. 2017ರಲ್ಲಿ ಅದರ ವಾಸನೆ ಗ್ರಹಿಕೆಗೆ ಬೇಕಾದ ಓರ್ಕೋ ಎಂಬ ಒಂದು ವಂಶವಾಹಿಯನ್ನು ಕೆಡಿಸಿ ನೋಡಿದರು. ಆ ಇರುವೆಗಳು ಗೂಡು ಬಿಟ್ಟು ಅಲೆದವು, ಬೇಟೆ ತರಲಿಲ್ಲ, ಮೊಟ್ಟೆ ಇಟ್ಟದ್ದು ಕಡಿಮೆ, ಇಟ್ಟ ಮೊಟ್ಟೆಗಳನ್ನೂ ಸರಿಯಾಗಿ ನೋಡಿಕೊಳ್ಳಲಿಲ್ಲ. ಕಣ್ಣು, ಕಾಲು, ದವಡೆ ಎಲ್ಲ ಸರಿಯಿದ್ದೂ ಅವು ಗೂಡಿನ ಬಾಳಿನಿಂದ ಹೊರಗಾದವು.

ಮಾವು: ಗಂಡು ನೊಣಕ್ಕೆ ಬಲೆ, ಹೆಣ್ಣು ನೊಣಕ್ಕೆ ಏನು?

2014ರ ಮೇ 1ರಿಂದ ಐರೋಪ್ಯ ಒಕ್ಕೂಟ ಭಾರತದ ಮಾವನ್ನು ತರಿಸಿಕೊಳ್ಳುವುದನ್ನು ನಿಲ್ಲಿಸಿತ್ತು. ಕಾರಣ, ರವಾನೆಗಳಲ್ಲಿ ಕಂಡ ಹಣ್ಣುನೊಣ. 2015ರ ಆರಂಭದಲ್ಲಿ ನಿರ್ಬಂಧ ತೆರವಾಯಿತು. ನಿರ್ಬಂಧ ಹೋದರೂ ನೊಣ ಹೋಗಿಲ್ಲ. ಹೆಣ್ಣು ನೊಣ ಬಲಿತ ಕಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆ ಇಡುತ್ತದೆ, ಹೊರಗೆ ಚುಕ್ಕೆಯಷ್ಟು ಗುರುತು, ಹಣ್ಣಾದಾಗ ಒಳಗೆ ಹುಳ. ಆಪುಸ್ ಬೆಳೆಯುವವರಿಗೆ ಇದನ್ನು ವಿವರಿಸಬೇಕಿಲ್ಲ.

ಈಗ ತೋಟಗಳಲ್ಲಿ ತೂಗುಹಾಕುವ ಮೋಹಕ ಬಲೆಗಳಲ್ಲಿರುವುದು ಮಿಥೈಲ್ ಯೂಜಿನಾಲ್. ಒಳ್ಳೆಯ ಸಾಧನ, ಆದರೆ ಅದು ಸೆಳೆಯುವುದು ಗಂಡು ನೊಣಗಳನ್ನು ಮಾತ್ರ. ಪಕ್ಕದ ತೋಟದಲ್ಲಿ ಕೂಡಿಕೊಂಡು ಬಂದ ಹೆಣ್ಣು ನೊಣ ನಿಮ್ಮ ಬಲೆಯ ಕಡೆ ತಿರುಗಿಯೂ ನೋಡದೆ ಕಾಯಿಯ ಮೇಲೆ ಕೂರುತ್ತದೆ. ಚಗಳಿ ಉಪಯೋಗಕ್ಕೆ ಬರುವುದು ಇಲ್ಲಿ. ಪಶ್ಚಿಮ ಆಫ್ರಿಕಾದ ಬೆನಿನ್ ದೇಶದಲ್ಲಿ ಪಾಲ್ ವಾನ್ ಮೆಲೆ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕೆಲಸ ಇದನ್ನು ತೋರಿಸಿತು. ಹೊಲಿಯುವ ಇರುವೆ ಓಡಾಡಿದ ಮಾವಿನಕಾಯಿಗಳಲ್ಲಿ, ಇರುವೆಯನ್ನು ತೆಗೆದ ಮೇಲೂ, ಹಣ್ಣುನೊಣ ಮೊಟ್ಟೆ ಇಡುವುದು ಕಡಿಮೆಯಾಗಿತ್ತು. ಅಂದರೆ ನೊಣ ಹೆದರಿದ್ದು ಇರುವೆಯನ್ನು ನೋಡಿ ಮಾತ್ರವಲ್ಲ, ಇರುವೆ ಬಿಟ್ಟುಹೋದ ಗುರುತಿಗೂ. ಈ ಇರುವೆಗಳು ಗುದಗ್ರಂಥಿಯ ದ್ರವದ ಹನಿಗಳಿಂದ ತಮ್ಮ ಸೀಮೆಯನ್ನು ಗುರುತು ಮಾಡಿಕೊಳ್ಳುತ್ತವೆ ಎಂದು ಬರ್ಟ್ ಹೋಲ್ಡಾಬ್ಲರ್ ಮತ್ತು ವಿಲ್ಸನ್ 1970ರ ದಶಕದಲ್ಲೇ ತೋರಿಸಿದ್ದರು. ಬೆನಿನ್‌ನಲ್ಲಿ ವಾನ್ ಮೆಲೆ ಅವರ ಎದುರಿಗಿದ್ದ ಮುಖ್ಯ ನೊಣ ಏಷ್ಯಾದಿಂದ ಅಲ್ಲಿಗೆ ಹೋದ ಬ್ಯಾಕ್ಟ್ರೊಸೆರಾ, ಅಂದರೆ ನಮ್ಮ ಮಾವನ್ನು ಕಾಡುವ ನೊಣವೇ.

ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ರೆಂಕಾಂಗ್ ಪೆಂಗ್ ಮತ್ತು ಕೀತ್ ಕ್ರಿಶ್ಚಿಯನ್ ಹಲವು ವರ್ಷ ಕೆಲಸ ಮಾಡಿದ್ದು ನಮ್ಮಲ್ಲಿರುವ ಅದೇ ಜಾತಿಯ ಚಗಳಿಯ ಮೇಲೆ. ಇರುವೆಗಳು ತುಂಬಿದ ಮಾವಿನ ಮರಗಳಲ್ಲಿ ಹಣ್ಣುನೊಣದ ಹಾನಿ ಕಡಿಮೆ ಎಂಬುದು ಅಲ್ಲೂ ಕಂಡಿತು. ಹಾಗೆ ನೋಡಿದರೆ ಇದು ಹೊಸ ವಿದ್ಯೆಯೇನಲ್ಲ. ಕಿತ್ತಳೆ ಜಾತಿಯ ತೋಟಗಳಿಗೆ ಈ ಇರುವೆಯ ಗೂಡುಗಳನ್ನು ಮಾರುಕಟ್ಟೆಯಲ್ಲಿ ಕೊಂಡು ತರುತ್ತಿದ್ದ ಬಗ್ಗೆ ಸುಮಾರು 1,700 ವರ್ಷ ಹಿಂದಿನದೆಂದು ಹೇಳುವ ಚೀನೀ ದಾಖಲೆಯಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ರೈತರಿಗೆ ಮೋಸ ಮಾಡಿದಂತಾಗುತ್ತದೆ. ಚಗಳಿ ಹಿಟ್ಟುತಿಗಣೆ, ಶಲ್ಕಕೀಟಗಳನ್ನು ಸಾಕುತ್ತದೆ. ಅವು ಸುರಿಸುವ ಸಿಹಿ ಅಂಟಿಗಾಗಿ ಅವುಗಳನ್ನು ಕಾಯುತ್ತದೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬಂದರೆ ಹಣ್ಣಿನ ಅಂದ ಕೆಡುತ್ತದೆ, ದರ ಇಳಿಯುತ್ತದೆ. ಹೂವಿಗೆ ಬರುವ ಜೇನ್ನೊಣಗಳನ್ನೂ ಚಗಳಿ ಬೆದರಿಸಬಲ್ಲದು. ಮತ್ತೆ, ಎರಡು ಬೇರೆ ಗೂಡುಸಮೂಹಗಳ ಟೊಂಗೆಗಳು ತಾಗಿದರೆ ಅವು ತಮ್ಮ ತಮ್ಮಲ್ಲೇ ಕಾದಾಡಿ ಕಡಿಮೆಯಾಗುತ್ತವೆ. ಅದಕ್ಕೇ ಪೆಂಗ್ ಅವರ ಪದ್ಧತಿಯಲ್ಲಿ ಒಂದೊಂದು ಸಮೂಹವನ್ನು ಬೇರೆ ಬೇರೆ ಮರಗಳ ಗುಂಪಿಗೆ ಸೀಮಿತಗೊಳಿಸುವುದು ಮುಖ್ಯ ಕೆಲಸ. ಇರುವೆಯನ್ನು ಮರದಲ್ಲಿ ಬಿಟ್ಟರೆ ಮುಗಿಯಿತು ಎನ್ನುವಂತಿಲ್ಲ, ಅದಕ್ಕೂ ಕೆಲಸವಿದೆ. ಆದರೂ ಗೂಡುಗಳಿಗೆ ಔಷಧ ಹೊಡೆದು ಎಲ್ಲ ಅಳಿಸಿ, ಆಮೇಲೆ ಹಣ್ಣುನೊಣಕ್ಕೆಂದು ಮತ್ತೊಮ್ಮೆ ಔಷಧ ಹೊಡೆಯುವುದಕ್ಕಿಂತ ಆ ಕೆಲಸ ಹಗುರ ಎಂದೇ ನನ್ನ ನಂಬಿಕೆ. ಕಾಡಂಚಿನ ತೋಟಗಳಿಗೆ ಈ ಇರುವೆಯನ್ನು ಹೊರಗಿಂದ ತರಬೇಕಿಲ್ಲ, ಅದು ಅಲ್ಲೇ ಇದೆ.

ಹತ್ತಿ, ಮೆಣಸಿನಕಾಯಿ ಹೊಲದಲ್ಲಿ ಮಾತು ಬದಲಾಗುತ್ತದೆ

ಯರಿಹೊಲದ ಹತ್ತಿ ಗಿಡದ ಎಲೆಯನ್ನು ಮಗುಚಿ ನೋಡಿ. ನಡುನರದ ಮೇಲೆ ಒಂದು ಸಣ್ಣ ತಗ್ಗು, ಅದರಲ್ಲಿ ಸಿಹಿ ಹನಿ. ಹೂವಿನಲ್ಲಿ ಅಲ್ಲದೆ ಎಲೆಯಲ್ಲೇ ಮಕರಂದ ಸುರಿಸಿ ಹತ್ತಿ ಗಿಡ ಇರುವೆಗಳನ್ನು ಕರೆಯುತ್ತದೆ. ಅಲಸಂದಿಯಲ್ಲೂ ಇಂಥ ಗ್ರಂಥಿಗಳಿವೆ. ಬಂದ ಇರುವೆ ಕೀಟಗಳ ಮೊಟ್ಟೆ, ಮರಿಹುಳು ಸಿಕ್ಕರೆ ಒಯ್ಯುತ್ತದೆ. ಗಿಡಕ್ಕೂ ಇರುವೆಗೂ ನಡುವಿನ ಈ ಕರಾರು ಹಳೆಯದು.

ಆದರೆ ಅದೇ ಗಿಡದಲ್ಲಿ ಸಸ್ಯಹೇನು ಬಂದರೆ ಇರುವೆ ಅದರ ಪಕ್ಷ ಸೇರುತ್ತದೆ. ಹೇನು ತಿನ್ನಲು ಬರುವ ಗುಲಗಂಜಿ ಹುಳುವನ್ನು ಓಡಿಸುತ್ತದೆ. ಇರುವೆಯ ಹೆಜ್ಜೆಗುರುತಿನ ರಾಸಾಯನಿಕಗಳು ಇನ್ನೂ ಸೂಕ್ಷ್ಮವಾದ ಕೆಲಸ ಮಾಡುತ್ತವೆ. 2007ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದಂತೆ, ಇರುವೆ ನಡೆದ ಜಾಗದಲ್ಲಿ ಹೇನುಗಳ ನಡಿಗೆ ನಿಧಾನವಾಗುತ್ತದೆ, ಅವು ಅಲ್ಲಿಂದ ಚದುರಿ ಹೋಗುವುದು ಕಡಿಮೆಯಾಗುತ್ತದೆ. ಹೇನಿನ ಹಿಂಡನ್ನು ಇರುವೆ ಕಾವಲು ಕಾಯುವುದಷ್ಟೇ ಅಲ್ಲ, ತನ್ನ ರಸಾಯನದಿಂದ ಹಿಡಿದೂ ಇಡುತ್ತದೆ. ಹೇನು ಹೆಚ್ಚಿರುವ ಹೊಲದಲ್ಲಿ ಇರುವೆ ಸಾಲು ಕಂಡರೆ ರೈತ ಕೋಪಗೊಳ್ಳುವುದರಲ್ಲಿ ಅರ್ಥವಿದೆ.

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎಲೆ ಮುರುಟಿಸುವ ಥ್ರಿಪ್ಸ್ ಮತ್ತು ನುಸಿಯೇ ದೊಡ್ಡ ಪೀಡೆ. ಇವು ಸಿಹಿ ಅಂಟು ಸುರಿಸುವವಲ್ಲ, ಆದ್ದರಿಂದ ಇರುವೆ ಇವನ್ನು ಸಾಕುವುದೂ ಇಲ್ಲ. ಹೀಗಿದ್ದೂ ಥ್ರಿಪ್ಸ್‌ಗೆಂದು ಮೇಲಿಂದ ಮೇಲೆ ಹೊಡೆಯುವ ಔಷಧದಲ್ಲಿ ಮೊದಲು ಹೋಗುವುದು ನೆಲದ ಮೇಲಿನ ಇರುವೆ, ಜೇಡ, ಗುಲಗಂಜಿ ಹುಳುಗಳೇ. ಹಾವೇರಿ ಜಿಲ್ಲೆಯ ರೈತರು ಔಷಧದಂಗಡಿಗೆ ಸುರಿಯುವ ಹಣ, ಒಣಮೆಣಸಿನಕಾಯಿಯಲ್ಲಿ ಉಳಿಯುವ ವಿಷದಂಶದ ಚಿಂತೆ ಇವೆರಡನ್ನೂ ಎದುರಿಗಿಟ್ಟುಕೊಂಡೇ ಇದನ್ನು ಯೋಚಿಸಬೇಕು.

ಇನ್ನೊಂದು ಸಂಗತಿ ಕಣ್ಣಿಗೆ ಬೀಳುವುದಿಲ್ಲ. ಹತ್ತಿ ಬೀಜ ಪಾಕೀಟಿನಲ್ಲಿ ಬಣ್ಣ ಹಚ್ಚಿಕೊಂಡು ಬರುತ್ತದಲ್ಲ, ಆ ಲೇಪನದಲ್ಲಿ ಸಾಮಾನ್ಯವಾಗಿ ಇಮಿಡಾಕ್ಲೋಪ್ರಿಡ್‌ನಂಥ, ನಿಯೋನಿಕೋಟಿನಾಯ್ಡ್ ಗುಂಪಿನ ಕೀಟನಾಶಕ ಇರುತ್ತದೆ. ಗಿಡ ಅದನ್ನು ಹೀರಿಕೊಂಡು ಎಳೆಯ ದಿನಗಳಲ್ಲಿ ರಸ ಹೀರುವ ಕೀಟಗಳಿಂದ ತಪ್ಪಿಸಿಕೊಳ್ಳುತ್ತದೆ. ಇದೇ ಗುಂಪಿನ ಥಯಾಮೆಥಾಕ್ಸಾಮ್ ಅನ್ನು ಇರುವೆಗಳಿಗೆ ಅತಿ ಕಡಿಮೆ ಪ್ರಮಾಣದಲ್ಲಿ ದೀರ್ಘಕಾಲ ಉಣಿಸಿ ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದವರು 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಇರುವೆಗಳು ತಕ್ಷಣ ಸಾಯಲಿಲ್ಲ. ಮೊದಲ ಚಳಿಗಾಲ ಕಳೆದ ಮೇಲೆ ನೋಡಿದರೆ ಗೂಡುಗಳಲ್ಲಿ ಕೆಲಸಗಾರ ಇರುವೆಗಳೂ ಮರಿಗಳೂ ಕಡಿಮೆಯಾಗಿದ್ದವು. ಒಂದು ಹಂಗಾಮಿನಲ್ಲಿ ಕಾಣದ ನಷ್ಟ ಮುಂದಿನ ವರ್ಷ ಕಾಣುತ್ತದೆ, ಆಗ ಅದಕ್ಕೆ ಕಾರಣ ಯಾರಿಗೂ ನೆನಪಿರುವುದಿಲ್ಲ.

ಫೆರೋಮೋನ್, ಅಂದರೆ ಒಂದು ಜೀವಿ ತನ್ನ ಜಾತಿಯವಕ್ಕೆ ಸುದ್ದಿ ಮುಟ್ಟಿಸಲು ಬಿಡುವ ವಾಸನೆ, ಎಂಬ ಮಾತು ನಮ್ಮ ಹತ್ತಿ ಬೆಳೆಗಾರರಿಗೆ ಹೊಸದಲ್ಲ. ಗುಲಾಬಿ ಕಾಯಿಕೊರಕದ ಗಂಡು ಪತಂಗ ಹಿಡಿಯಲು ಗಾಸಿಪ್ಲೂರ್ ತುಂಬಿದ ಬಲೆ ನೆಡುವವರು, ಕೀಟದ ವಾಸನೆಯನ್ನೇ ಕೀಟದ ವಿರುದ್ಧ ತಿರುಗಿಸುವುದನ್ನು ಬಲ್ಲರು. ಇರುವೆಯ ವಾಸನೆಯನ್ನೂ ಹಾಗೆ ಬಾಟಲಿಗೆ ತುಂಬಬಹುದೇ ಎಂದು ಕೆಲವರು ಕೇಳುತ್ತಾರೆ. ಕಷ್ಟ. ಪತಂಗದ ಕರೆ ಒಂದೆರಡು ವಸ್ತುಗಳದ್ದು. ಇರುವೆಯದು ಹತ್ತಾರು ವಸ್ತುಗಳ ಹದವಾದ ಬೆರಕೆ, ಅದೂ ಆ ಮರ, ಆ ಗೂಡು, ಆ ಹೊತ್ತಿಗೆ ತಕ್ಕದ್ದು. ಫಾರ್ಮಿಕ್ ಆಮ್ಲದ ಕ್ಯಾನು ತಂದು ಬೆಳೆಗೆ ಹೊಡೆಯುವ ಪ್ರಯೋಗವನ್ನಂತೂ ಯಾರೂ ಮಾಡಬಾರದು. ಗಾಢ ಆಮ್ಲ ಎಲೆಯನ್ನೂ ಸುಡುತ್ತದೆ, ಹೊಡೆಯುವವರ ಕಣ್ಣು, ಶ್ವಾಸಕೋಶವನ್ನೂ. ಜೇನುಗೂಡಿನ ವರೋವಾ ನುಸಿಗೆ ಫಾರ್ಮಿಕ್ ಆಮ್ಲ ಬಳಸುವುದುಂಟು, ಆದರೆ ಅದು ಅಳೆದ ಪ್ರಮಾಣದಲ್ಲಿ, ತಿಳಿದವರ ಕೈಯಲ್ಲಿ ಆಗುವ ಕೆಲಸ.

ರೋಗ, ಬೀಜ, ಮಣ್ಣು

ಸಾವಿರಾರು ಜೀವಿಗಳು ಒತ್ತೊತ್ತಾಗಿ ಬದುಕುವ ಬೆಚ್ಚನೆಯ ಗೂಡು ಬೂಷ್ಟಿಗೆ ಹೇಳಿಮಾಡಿಸಿದ ಜಾಗ. ಆದರೂ ಇರುವೆ ಗೂಡು ಕೊಳೆಯುವುದಿಲ್ಲ. ಹೆಚ್ಚಿನ ಇರುವೆಗಳ ಎದೆಯ ಹಿಂಭಾಗದಲ್ಲಿ ಸೂಕ್ಷ್ಮಜೀವಿಗಳನ್ನು ತಡೆಯುವ ವಸ್ತು ಸುರಿಸುವ ಗ್ರಂಥಿಯಿದೆ. ಚಗಳಿ, ಗೊದ್ದಗಳಲ್ಲಿ ಆ ಗ್ರಂಥಿ ಇಲ್ಲ, ಬದಲಿಗೆ ಅವು ತಮ್ಮ ಆಮ್ಲವನ್ನು ನೆಚ್ಚಿಕೊಂಡಿವೆ. ಗೊದ್ದದ ಕುಲದ ಅಮೆರಿಕದ ಒಂದು ಜಾತಿ ಊಟವಾದ ಮೇಲೆ ಹೊಟ್ಟೆಯ ತುದಿಯನ್ನು ನೆಕ್ಕಿ ಫಾರ್ಮಿಕ್ ಆಮ್ಲ ನುಂಗಿಕೊಂಡು ಒಳಗಿನ ಅನ್ನಚೀಲವನ್ನು ಶುದ್ಧ ಮಾಡಿಕೊಳ್ಳುತ್ತದೆ ಎಂಬುದು 2020ರಲ್ಲಿ ಬೆಳಕಿಗೆ ಬಂತು. ಪೂರ್ವ ಆಫ್ರಿಕಾದ ಜಾಲಿ ಮರದಲ್ಲಿ ವಾಸಿಸುವ ಒಂದು ಇರುವೆಯ ಜೊತೆಗಿದ್ದ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಿಂದ 2017ರಲ್ಲಿ ಫಾರ್ಮಿಕಾಮೈಸಿನ್ ಎಂಬ ಹೊಸ ಪ್ರತಿಜೀವಕಗಳು ಸಿಕ್ಕವು. ಪ್ರಯೋಗಾಲಯದಲ್ಲಿ ಅವು ಹಲವು ಔಷಧಗಳಿಗೆ ಬಗ್ಗದ ಸ್ಟೆಫೈಲೊಕಾಕಸ್ ಎಂಬ ರೋಗಾಣುವನ್ನು ತಡೆದವು. ಅದು ಇನ್ನೂ ರೋಗಿಯ ಹಾಸಿಗೆಯ ಪಕ್ಕ ಬಂದಿಲ್ಲ. ಆದರೆ ಔಷಧ ನಾಟದ ಸೋಂಕುಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಹೊಸ ಅಣುಗಳನ್ನು ಎಲ್ಲಿ ಹುಡುಕಬೇಕು ಎಂಬುದಕ್ಕೆ ಇದೊಂದು ದಾರಿ. ಗದಗಿನ ಕಪ್ಪತಗುಡ್ಡವನ್ನು ನಾವು ಔಷಧಿ ಸಸ್ಯಗಳಿಗಾಗಿ ಕೊಂಡಾಡುತ್ತೇವೆ. ಅಲ್ಲಿನ ಇರುವೆಗಳ ಮೈಮೇಲಿನ ಸೂಕ್ಷ್ಮಜೀವಿಗಳನ್ನೂ ಅಷ್ಟೇ ಆಸಕ್ತಿಯಿಂದ ನೋಡುವ ಕಾಲ ಬರಬೇಕು.

ಔಡಲ ಬೀಜದ ತುದಿಯಲ್ಲಿ ಬೆಳ್ಳಗಿನ ಮೆತ್ತನೆಯ ಗಂಟು ಇರುತ್ತದೆ. ಕೊಬ್ಬು ತುಂಬಿದ ಆ ಗಂಟಿಗಾಗಿ ಇರುವೆಗಳು ಬೀಜವನ್ನು ಗೂಡಿಗೆ ಎಳೆದೊಯ್ದು, ಗಂಟನ್ನು ತಿಂದು, ಬೀಜವನ್ನು ಬಿಡುತ್ತವೆ. ಇಂಥ ಗಂಟುಗಳಲ್ಲಿ ಇರುವೆಯನ್ನು ಕೆರಳಿಸುವುದು ಒಲೆಯಿಕ್ ಆಮ್ಲ ಮತ್ತು ಅದರ ಸಂಯುಕ್ತಗಳು. ಗೂಡಿನಲ್ಲಿ ಹೆಣ ಹೊರುವಂತೆ ಮಾಡುವ ವಸ್ತುವೇ ಇಲ್ಲಿ ಬೀಜ ಹೊರುವಂತೆ ಮಾಡುತ್ತದೆ.

ಮಣ್ಣಿನ ಬಗ್ಗೆ ಒಂದೇ ಮಾತು. ಪಶ್ಚಿಮ ಆಸ್ಟ್ರೇಲಿಯಾದ ಒಣಭೂಮಿಯಲ್ಲಿ ಇರುವೆ, ಗೆದ್ದಲುಗಳಿದ್ದ ಹೊಲದಲ್ಲಿ ಗೋಧಿ ಇಳುವರಿ 36% ಹೆಚ್ಚು ಬಂದದ್ದನ್ನು 2011ರ ಅಧ್ಯಯನವೊಂದು ದಾಖಲಿಸಿತು. ನೀರು ಹೆಚ್ಚು ಇಂಗಿತು, ಸಾರಜನಕ ಹೆಚ್ಚಾಯಿತು. ನಮ್ಮ ಬಿರುಕು ಬಿಡುವ ಯರಿಮಣ್ಣು ಬೇರೆ, ಆ ಅಂಕಿಯನ್ನು ಇಲ್ಲಿಗೆ ತಂದು ಅಂಟಿಸಲಾಗದು. ಮಸಾರಿ ಹೊಲಗಳಲ್ಲಿ ಪರೀಕ್ಷಿಸುವುದು ಸಾರ್ಥಕ.

ಅದೇ ಆಮ್ಲ, ತಪ್ಪು ಜಾಗದಲ್ಲಿ

ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪದಲ್ಲಿ ಹೊರಗಿಂದ ಬಂದ ಹಳದಿ ಹುಚ್ಚಿರುವೆ ಕೋಟ್ಯಂತರ ಕೆಂಪು ಏಡಿಗಳನ್ನು ಕೊಂದಿತು. ಆಯುಧ ಫಾರ್ಮಿಕ್ ಆಮ್ಲವೇ. ಕಣ್ಣಿಗೆ ಸಿಂಪಡಿಸಿ ಕುರುಡಾಗಿಸುತ್ತದೆ. 2022ರಲ್ಲಿ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂಥಮಲೈ ಕಾಡಂಚಿನ ಹಳ್ಳಿಗಳಲ್ಲಿ ಇದೇ ಇರುವೆ ದನಕರುಗಳನ್ನು ಕಾಡಿದ ಸುದ್ದಿ ಬಂದಿತ್ತು. ಆದ್ದರಿಂದ ಇರುವೆಗಳನ್ನೆಲ್ಲ ಒಟ್ಟಿಗೆ ರಕ್ಷಿಸಿ ಎನ್ನುವ ಮಾತೂ, ಒಟ್ಟಿಗೆ ಕೊಲ್ಲಿ ಎನ್ನುವ ಮಾತಿನಷ್ಟೇ ಹುಸಿ. ಹುಚ್ಚಿರುವೆಯನ್ನು ತಡೆಯಲು ಸ್ಥಳೀಯ ಇರುವೆಗಳು ಗಟ್ಟಿಯಾಗಿರುವುದು ನೆರವಾಗುತ್ತದೆ. ಎಲ್ಲ ಇರುವೆಗಳನ್ನೂ ಔಷಧದಿಂದ ಒರೆಸಿದ ಜಾಗಕ್ಕೆ ಹೊರಗಿನ ಜಾತಿ ಸುಲಭವಾಗಿ ನುಗ್ಗುತ್ತದೆ.

ಬಿಸಿಲೂ ಗಾಳಿಯೂ ಈ ರಸಾಯನವನ್ನು ಕೆಡಿಸಬಲ್ಲವು. ನೆಲದ ಬಿಸಿ 40 ಡಿಗ್ರಿ ದಾಟಿದಾಗ ಒಂದು ಜಾತಿಯ ಇರುವೆಯ ಸಾಲಿನ ವಸ್ತು ಬೇಗ ಆವಿಯಾಗಿ, ಇರುವೆಗಳು ಸಾಲು ಹಿಡಿಯುವುದೇ ಕಷ್ಟವಾದದ್ದನ್ನು ಯುರೋಪಿನಲ್ಲಿ 2011ರಲ್ಲಿ ದಾಖಲಿಸಿದ್ದಾರೆ. ಗದಗ, ನವಲಗುಂದದ ಕಡೆ ಬೇಸಿಗೆಯ ಮಧ್ಯಾಹ್ನ ಬರಿನೆಲ ಅದಕ್ಕಿಂತ ಬಿಸಿಯಾಗುತ್ತದೆ. ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದಾಗ ಹುಟ್ಟುವ ಓಝೋನ್ ಇನ್ನೊಂದು ತೊಡಕು. ಜರ್ಮನಿಯ ಯೇನಾದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2023ರಲ್ಲಿ ಡ್ರೊಸೊಫಿಲಾ ಎಂಬ ಪುಟ್ಟ ನೊಣಗಳನ್ನು ನೂರು ಕೋಟಿಗೆ 100 ಭಾಗ ಓಝೋನ್ ಇರುವ ಗಾಳಿಯಲ್ಲಿ ಎರಡು ತಾಸು ಇಟ್ಟಾಗ, ಅವುಗಳ ಫೆರೋಮೋನ್ ಒಡೆದು ಗಂಡು ನೊಣಗಳಿಗೆ ಗಂಡು ಯಾವುದು ಹೆಣ್ಣು ಯಾವುದು ತಿಳಿಯದಾಯಿತು. ಓಝೋನ್ ಮುರಿಯುವುದು ಇಂಗಾಲದ ಜೋಡಿಬಂಧಗಳನ್ನು. ಒಂದೇ ಗೂಡಿನ ಇರುವೆಗಳು ಒಂದನ್ನೊಂದು ಗುರುತಿಸುವ ಮೈಮೇಲಿನ ಹೈಡ್ರೋಕಾರ್ಬನ್‌ಗಳಲ್ಲೂ ಅಂಥ ಬಂಧದವು ಇವೆ. ಹುಬ್ಬಳ್ಳಿಯಂಥ ಊರಿನ ಗಾಳಿಯನ್ನು ನಾವು ಮನುಷ್ಯರ ಕೆಮ್ಮಿನ ಲೆಕ್ಕದಲ್ಲಿ ಮಾತ್ರ ಅಳೆಯುತ್ತಿದ್ದೇವೆ.

ಈ ಹಂಗಾಮಿನಲ್ಲಿ ಮಾಡಬಹುದಾದದ್ದು

ಕೂಲಿಯವರ ಉರಿಯನ್ನು ಬದಿಗಿಟ್ಟು ಚಗಳಿ ಉಳಿಸಿ ಎಂದು ಹೇಳುವುದು ಅನ್ಯಾಯ. ಉದ್ದ ತೋಳಿನ ಅಂಗಿ, ಜಾಳಿಗೆ ಕಟ್ಟಿದ ಉದ್ದ ಕೋಲು, ಇರುವೆಯ ಓಡಾಟ ಕಡಿಮೆ ಇರುವ ಬೆಳಗಿನ ತಂಪು ಹೊತ್ತು, ಗೂಡು ಹೆಚ್ಚಿರುವ ಮರಕ್ಕೆ ಸ್ವಲ್ಪ ಹೆಚ್ಚು ಕೂಲಿ, ಇವು ತೋಟದ ಮಾಲೀಕರು ಕೊಡಬೇಕಾದವು. ಕಾಯಿ ಇಳಿಸುವ ಟೊಂಗೆಯ ಗೂಡನ್ನಷ್ಟೇ ಕತ್ತರಿಸಿ ಪಕ್ಕದ, ಅದೇ ಸಮೂಹದ ಮರಕ್ಕೆ ಸಾಗಿಸುವುದೂ ಸಾಧ್ಯ. ಹತ್ತಿಯಲ್ಲಿ ಇರುವೆ ಸಾಲು ಕಂಡಾಗ ಮೊದಲು ಹೇನು, ಹಿಟ್ಟುತಿಗಣೆ ಇದೆಯೇ ಎಂದು ಎಲೆ ಮಗುಚಿ ನೋಡಬೇಕು. ಇದ್ದರೆ ಉಪಚಾರ ಅವಕ್ಕೆ. ಸಿಹಿ ಅಂಟು ನಿಂತರೆ ಇರುವೆಯ ಕಾವಲೂ ನಿಲ್ಲುತ್ತದೆ.

ಧಾರವಾಡದಲ್ಲಿ 1986ರಿಂದ ಕೃಷಿ ವಿಶ್ವವಿದ್ಯಾಲಯವಿದೆ. ಬೆನಿನ್‌ನಲ್ಲಿ, ಡಾರ್ವಿನ್‌ನಲ್ಲಿ ಮಾಡಿದ ಪ್ರಯೋಗವನ್ನು ಆಪುಸ್ ತೋಟದಲ್ಲಿ, ನಮ್ಮ ನೊಣ, ನಮ್ಮ ಚಗಳಿ, ನಮ್ಮ ಬಿಸಿಲಿನಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿ, ಫಲಿತಾಂಶವನ್ನು ಕನ್ನಡದಲ್ಲಿ ರೈತರ ಕೈಗೆ ಕೊಡಬಲ್ಲ ಜಾಗ ಅದು. ಅಲ್ಲಿಯವರೆಗೆ ರೈತರೂ ತಮ್ಮ ತೋಟದಲ್ಲೇ ಪರೀಕ್ಷಿಸಬಹುದು. ಚಗಳಿ ತುಂಬಿರುವ ಕೆಲವು ಮರ, ಇಲ್ಲದಿರುವ ಅಷ್ಟೇ ಮರ ಗುರುತು ಮಾಡಿ. ಎರಡಕ್ಕೂ ಬಲೆ ಒಂದೇ ರೀತಿ ಇರಲಿ, ಔಷಧ ಬೇಡ. ಕಾಯಿ ಇಳಿಸಿದ ಮೇಲೆ ಎರಡೂ ಗುಂಪಿನ ಸಮನಾದ ಕಾಯಿಗಳನ್ನು ಬೇರೆ ಬೇರೆ ಹುಲ್ಲಿನಲ್ಲಿ ಹಣ್ಣಿಗೆ ಹಾಕಿ. ಹಣ್ಣಾದಾಗ ಕೊಯ್ದು ನೋಡಿ, ಹುಳ ಬಿದ್ದವೆಷ್ಟು, ಕಪ್ಪು ಬೂಷ್ಟು ಹಿಡಿದವೆಷ್ಟು ಎಂದು ಎಣಿಸಿ ಬರೆದಿಡಿ. ಮುಂದಿನ ವರ್ಷ ಗೂಡಿಗೆ ಔಷಧ ಹೊಡೆಸಬೇಕೋ ಬೇಡವೋ ಎಂಬುದನ್ನು ಆ ಎರಡು ಎಣಿಕೆಗಳನ್ನು ಎದುರಿಗಿಟ್ಟುಕೊಂಡು ತೀರ್ಮಾನಿಸಿ.